ಜನರ ಹಿಂದಿರುವ ಹೊಲ ನೋಡಿ: ಹಳ್ಳಿಯ ಹಳೆ ಫೋಟೋ ಉಳಿಸುವುದು ಹೀಗೆ

ನಮ್ಮ ಮನೆಯ ಪಡಸಾಲೆಯಲ್ಲಿ ಒಂದು ಕಪ್ಪು-ಬಿಳುಪು ಫೋಟೋ ಇತ್ತು. 72ರ ಬರದಲ್ಲಿ ತೆಗೆದದ್ದು. ಬುಟ್ಟಿ, ಸಲಿಕೆ ಹಿಡಿದ ಇಪ್ಪತ್ತು ಜನ ಸಾಲಾಗಿ ನಿಂತಿದ್ದರು. ನಡುವೆ ನಮ್ಮ ಅಜ್ಜಿ. ಹಿಂದೆ ಅರ್ಧ ಕಟ್ಟಿದ ಒಡ್ಡು, ಅಂದರೆ ಹೊಲದ ನೀರು ತಡೆಯುವ ಮಣ್ಣಿನ ದಿಬ್ಬ. ಮನೆಗೆ ಸುಣ್ಣ ಹೊಡೆಯುವಾಗ ಆ ಫೋಟೋ ಇಳಿಸಿ ಚೌಕಟ್ಟು ಬಿಚ್ಚಿದೆ. ಅದು ಗಾಜಿಗೆ ಅಂಟಿತ್ತು. ಮೆಲ್ಲಗೆ ಎಳೆದೆ. ಅಜ್ಜಿಯ ಮುಖ ಗಾಜಿನ ಮೇಲೇ ಉಳಿಯಿತು.

ಗಾಜಿನ ಸಮೇತ ಅದರ ಪ್ರತಿ ತೆಗೆಯಬಹುದಿತ್ತು ಎಂದು ಆಮೇಲೆ ತಿಳಿಯಿತು. ನಿಮ್ಮ ಮನೆಯಲ್ಲಿ ಹಾಗೆ ಆಗಬಾರದು. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ವಿಜಯಪುರದಲ್ಲಿ ಕ್ಯಾಮೆರಾಕ್ಕೆ ಬರವಿರಲಿಲ್ಲ. ಗೋಳಗುಮ್ಮಟದ ಫೋಟೋಗಳಿದ್ದ ದೊಡ್ಡ ಪುಸ್ತಕ 1866ರಲ್ಲೇ ಅಚ್ಚಾಗಿತ್ತು. ಆದರೆ ಆ ಗುಮ್ಮಟದ ನೆರಳಲ್ಲಿ ಜೋಳ ಕೀಳುತ್ತಿದ್ದವರ ಕಡೆ ಕ್ಯಾಮೆರಾ ತಿರುಗಿದ್ದು ಕಡಿಮೆ. 1933ರಲ್ಲಿ ಇಲ್ಲಿ ಒಣ ಬೇಸಾಯದ ಸಂಶೋಧನಾ ಕೇಂದ್ರ ಶುರುವಾಯಿತು. ಬಿದ್ದ ಮಳೆಯನ್ನು ಹೊಲದಲ್ಲೇ ಹಿಡಿಯುವುದು ಹೇಗೆ, ಎರೆ ಮಣ್ಣು (ಕಪ್ಪು ಮಣ್ಣು) ಕೊಚ್ಚಿ ಹೋಗದಂತೆ ತಡೆಯುವುದು ಹೇಗೆ ಎಂದು ಅಲ್ಲಿ ಪ್ರಯೋಗ ನಡೆದವು. ಅಂಥ ಕೇಂದ್ರಗಳ ಚಿತ್ರಗಳಲ್ಲಿ ಬದುಗಳು ಕಾಣುತ್ತವೆ, ಬದು ಹಾಕಿದವರ ಹೆಸರು ಕಾಣುವುದಿಲ್ಲ. ಹೆಸರುಗಳಿರುವುದು ಮನೆಗಳಲ್ಲಿ.

ಮನೆಯಲ್ಲಿರುವ ಫೋಟೋವನ್ನು ಹೊಲ ತೋರಿಸಲೆಂದು ಯಾರೂ ತೆಗೆಸಿಲ್ಲ. ಮದುವೆಗೆ, ಎತ್ತು ಕೊಂಡದ್ದಕ್ಕೆ, ಸಾಹೇಬರು ಬಂದದ್ದಕ್ಕೆ ತೆಗೆಸಿದ್ದಾರೆ. ಹೊಲ, ಕಣ, ಬಾವಿ, ಒಡ್ಡು ಸುಮ್ನೆ ಹಿಂದೆ ನಿಂತಿವೆ. ನಾವು ಹುಡುಕಬೇಕಾದ್ದು ಆ ಹಿಂದಿನದನ್ನೇ.

ಕೇಳುವ ಬಗೆ

"ಹೊಲದ ಫೋಟೋ ಅದಾವೇನ್ರಿ?" ಎಂದರೆ ಎಲ್ಲರೂ ಇಲ್ಲ ಅನ್ನುತ್ತಾರೆ. "ನಿಮ್ಮ ಎತ್ತಿನ ಫೋಟೋ ಐತೇನ್ರಿ?" ಎಂದು ಕೇಳಿ. ಮುಖ ಅರಳುತ್ತದೆ, ಟ್ರಂಕು ಕೆಳಗಿಳಿಯುತ್ತದೆ. ವಿಜಯಪುರದ ಸಿದ್ಧೇಶ್ವರ ಜಾತ್ರೆಯ ದನದ ಸಂತೆಯಲ್ಲಿ ಜೋಡೆತ್ತು ಕೊಂಡು ಪಕ್ಕದಲ್ಲಿ ನಿಂತು ತೆಗೆಸಿದ್ದು, ಕಾರ ಹುಣ್ಣಿಮೆಗೆ ಕೋಡಿಗೆ ಬಣ್ಣ ಬಳಿದಾಗ ತೆಗೆಸಿದ್ದು ಹೊರಬರುತ್ತವೆ. ಎಳ್ಳಮಾಸಿಗೆ (ಎಳ್ಳು ಅಮಾವಾಸ್ಯೆಗೆ) ಚರಗ ಚೆಲ್ಲಲು, ಅಂದರೆ ಹೊಲಕ್ಕೆ ಎಡೆ ಚೆಲ್ಲಲು ಹೋದಾಗಿನವು ಇನ್ನೂ ಒಳ್ಳೆಯವು. ಇಡೀ ಮನೆ ಹಿಂಗಾರಿ ಜೋಳದ ನಡುವೆ ಕೂತು ಸಜ್ಜಿ ರೊಟ್ಟಿ, ಕಡುಬು ತಿನ್ನುತ್ತಿರುತ್ತದೆ. ಬೆಳೆ ಎಷ್ಟು ಎತ್ತರ, ಸಾಲಿನ ನಡುವೆ ಎಷ್ಟು ಜಾಗ, ನಡುನಡುವೆ ಕುಸುಬೆಯ ಅಕ್ಕಡಿ ಸಾಲು ಇತ್ತೋ ಇಲ್ಲವೋ, ಎಲ್ಲವೂ ಆ ಊಟದ ಫೋಟೋದಲ್ಲಿರುತ್ತವೆ.

ಮನೆ ಮುಗಿದ ಮೇಲೆ ಸೊಸೈಟಿ ಕಚೇರಿಯ ಗೋಡೆ, ಶಾಲೆಯ ಕಪಾಟು, ಮಠ, ಗರಡಿಮನೆ ನೋಡಿ. ಸಮುದಾಯ ಅಭಿವೃದ್ಧಿ ಯೋಜನೆ 1952ರ ಅಕ್ಟೋಬರ್ 2ರಂದು ಶುರುವಾದ ಮೇಲೆ ಹಳ್ಳಿಗೆ ಗ್ರಾಮಸೇವಕರು ಬಂದರು. ಶ್ರಮದಾನದ ರಸ್ತೆ, ಬಾವಿ, ಬದುಗಳ ಮುಂದೆ ಊರವರನ್ನು ನಿಲ್ಲಿಸಿ ಫೋಟೋ ತೆಗೆಸುವ ರೂಢಿ ಆಗ ಬೆಳೆಯಿತು. ನಿವೃತ್ತ ಗ್ರಾಮಸೇವಕರ ಮಕ್ಕಳು ನಿಮ್ಮೂರಲ್ಲಿದ್ದರೆ ಅವರ ಮನೆಗೆ ಮೊದಲು ಹೋಗಿ. ತಾಲ್ಲೂಕು ಊರಿನ ಹಳೆ ಸ್ಟುಡಿಯೋಗಳ ನೆಗೆಟಿವ್ ಡಬ್ಬಿಯನ್ನೂ ಮರೆಯಬೇಡಿ. ಅಂಗಡಿ ಮುಚ್ಚುವ ದಿನ ಅವು ನೇರ ತಿಪ್ಪೆಗೆ ಹೋಗುತ್ತವೆ.

ಬಾಗಲಕೋಟೆ ಕಡೆಯವರಿಗೆ ಒಂದು ಮಾತು ಜಾಸ್ತಿ ಹೇಳಬೇಕು. ಆಲಮಟ್ಟಿ ಅಣೆಕಟ್ಟಿಗೆ 1964ರಲ್ಲಿ ಅಡಿಗಲ್ಲು ಬಿತ್ತು. ನೀರು ಏರಿದಂತೆ ಕೃಷ್ಣೆಯ ದಂಡೆಯ ಹಳ್ಳಿಗಳು, ಹಳೆ ಬಾಗಲಕೋಟೆಯ ಓಣಿಗಳು ಮುಳುಗಿದವು. ಜನ ನವನಗರಕ್ಕೆ, ಪುನರ್ವಸತಿ ಕೇಂದ್ರಗಳಿಗೆ ಬಂದರು. ಮುಳುಗಿದ ಹೊಲಕ್ಕೆ ಮತ್ತೆ ಹೋಗಿ ನೋಡಲು ಆಗುವುದಿಲ್ಲ. ಅಲ್ಲಿನ ಕಣದ, ಬಾವಿಯ, ಹೊಳೆದಂಡೆಯ ಒಂದು ಮಸುಕು ಫೋಟೋ ಸಿಕ್ಕರೂ ಬಿಡಬೇಡಿ.

ಮುಟ್ಟುವ ಮೊದಲು

ಕೈ ತೊಳೆದು ಒರೆಸಿಕೊಳ್ಳಿ. ಫೋಟೋವನ್ನು ಅಂಚಿನಲ್ಲಿ ಹಿಡಿಯಿರಿ. ಒದ್ದೆ ಬಟ್ಟೆ ಬೇಡ, ಎಣ್ಣೆ ಬೇಡ, ಕನ್ನಡಕ ಒರೆಸುವ ದ್ರವವೂ ಬೇಡ. ಮೇಲಿನ ಧೂಳನ್ನು ಮೆತ್ತನೆಯ ಬ್ರಷ್‌ನಿಂದ ಹೊರಮುಖವಾಗಿ ತೆಗೆದರೆ ಸಾಕು. ಗಾಜಿಗೆ ಅಂಟಿದ್ದನ್ನು ಕೀಳಬೇಡಿ. ಪ್ಲಾಸ್ಟಿಕ್ ಹಾಳೆಯ ಅಂಟಿನ ಆಲ್ಬಂನಿಂದಲೂ ಎಳೆಯಬೇಡಿ, ಪುಟದ ಸಮೇತ ಪ್ರತಿ ತೆಗೆಯಿರಿ. ನೆಗೆಟಿವ್ ಡಬ್ಬಿ ತೆರೆದಾಗ ವಿನೆಗರ್ ಹುಳಿವಾಸನೆ ಬಂದರೆ ಫಿಲ್ಮ್ ಕೊಳೆಯುತ್ತಿದೆ ಎಂದರ್ಥ. ಅದನ್ನು ಉಳಿದವುಗಳಿಂದ ಬೇರೆ ಇಟ್ಟು ಮೊದಲು ಅದರ ಪ್ರತಿ ಮಾಡಿ.

2019ರಲ್ಲಿ ಕೃಷ್ಣಾ, ಮಲಪ್ರಭಾ, 2020ರಲ್ಲಿ ಭೀಮಾ ಮನೆಗಳಿಗೆ ನುಗ್ಗಿದ್ದು ಇನ್ನೂ ನೆನಪಿದೆಯಲ್ವಾ? ಪ್ರವಾಹದಲ್ಲಿ ನೆನೆದ ಫೋಟೋಗಳನ್ನು ಒಂದರ ಮೇಲೊಂದು ಒಣಗಲು ಬಿಟ್ಟರೆ ಇಟ್ಟಿಗೆಯಂತೆ ಅಂಟುತ್ತವೆ. ಒದ್ದೆ ಇರುವಾಗಲೇ ಬಿಡಿಸಿ, ಶುದ್ಧ ತಣ್ಣೀರಿನಲ್ಲಿ ಕೆಸರು ಅದ್ದಿ ತೆಗೆದು, ಮುಖ ಮೇಲೆ ಮಾಡಿ, ನೆರಳಲ್ಲಿ ಬಟ್ಟೆಯ ಮೇಲೆ ಹರಡಿ. ಅಷ್ಟಕ್ಕೂ ಪುರುಸೊತ್ತಿಲ್ಲದಿದ್ದರೆ ನಡುವೆ ಬಟರ್ ಪೇಪರ್ ಇಟ್ಟು, ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಫ್ರೀಜರ್‌ಗೆ ಹಾಕಿ. ಮನೆ ಒಂದು ಹದಕ್ಕೆ ಬಂದ ಮೇಲೆ ತೆಗೆದು ಬಿಡಿಸಬಹುದು.

ಪ್ರತಿ ತೆಗೆಯುವುದು

ಸ್ಕ್ಯಾನರ್ ಇದ್ದರೆ ಪೋಸ್ಟ್‌ಕಾರ್ಡ್ ಅಳತೆಗೆ 600 ಡಿಪಿಐ (ಸ್ಕ್ಯಾನ್ ಎಷ್ಟು ಸೂಕ್ಷ್ಮ ಎಂಬ ಅಳತೆ), ಪಾಸ್‌ಪೋರ್ಟ್ ಅಳತೆಗೆ 1200, ನೆಗೆಟಿವ್‌ಗೆ 2400 ಇಟ್ಟುಕೊಳ್ಳಿ. ಮೂಲ ಕಡತ ಟಿಫ್ ರೂಪದಲ್ಲಿರಲಿ, ಹಂಚಲು ಜೆಪೆಗ್ ಸಾಕು. ಕಪ್ಪು-ಬಿಳುಪು ಚಿತ್ರವನ್ನೂ ಕಲರ್‌ನಲ್ಲೇ ಸ್ಕ್ಯಾನ್ ಮಾಡಿ.

ಮೊಬೈಲ್ ಮಾತ್ರ ಇದ್ದರೆ ಚಿಂತೆ ಬೇಡ. ಬೆಳಗ್ಗೆ ಕಟ್ಟೆಯ ನೆರಳಲ್ಲಿ ಕಪ್ಪು ಬಟ್ಟೆ ಹಾಸಿ ಫೋಟೋ ಇಡಿ. ಮೊಬೈಲನ್ನು ಅದಕ್ಕೆ ಸಮನಾಗಿ ಹಿಡಿಯಿರಿ. ಫ್ಲ್ಯಾಶ್ ಬೇಡ, ಫಿಲ್ಟರ್ ಬೇಡ. ಗಾಜಿನ ಹೊಳಪು ಕಾಡಿದರೆ ನಿಮ್ಮ ಬೆನ್ನ ಹಿಂದೆ ಒಬ್ಬರು ಕಪ್ಪು ಕಂಬಳಿ ಹಿಡಿದು ನಿಲ್ಲಲಿ. ಹಿಂಬದಿಯ ಚಿತ್ರವನ್ನೂ ತೆಗೆಯಿರಿ. ಸ್ಟುಡಿಯೋ ಸೀಲು, ತಾರೀಖು, ಯಾರೋ ಗೀಚಿದ ಲೆಕ್ಕ, ಎಲ್ಲವೂ ಬೇಕು. ವಾಟ್ಸಾಪ್‌ನಲ್ಲಿ ಕಳಿಸುವಾಗ ಫೋಟೋ ಎಂದು ಕಳಿಸಿದರೆ ಅದು ಚಿತ್ರವನ್ನು ಕುಗ್ಗಿಸುತ್ತದೆ. ಡಾಕ್ಯುಮೆಂಟ್ ಎಂದು ಕಳಿಸಿ.

ಈಗ ಹಳೆ ಫೋಟೋಗೆ ಬಣ್ಣ ತುಂಬುವ, ಮುಖ ತಿದ್ದುವ ಆ್ಯಪ್‌ಗಳು ಬಂದಿವೆ. ಆಸೆ ಆಗುವುದು ಸಹಜ. ಆದರೆ ಆ್ಯಪ್ ಊಹಿಸಿ ಬರೆದ ಮುಖ ನಿಮ್ಮ ಅಜ್ಜಿಯ ಮುಖವಲ್ಲ, ಊಹಿಸಿ ಹಾಕಿದ ಹಸಿರು ನಿಮ್ಮ ಹೊಲದ ಹಸಿರಲ್ಲ. ತಿದ್ದಿದ ಪ್ರತಿ ಬೇರೆ ಇರಲಿ, ಮೂಲದ ಜಾಗಕ್ಕೆ ಅದನ್ನು ತರಬೇಡಿ.

ಓದುವುದು

ಇದೇ ನನಗೆ ಎಲ್ಲಕ್ಕಿಂತ ಇಷ್ಟದ ಕೆಲಸ. ಪ್ರತಿಯನ್ನು ದೊಡ್ಡದು ಮಾಡಿ. ಮುಖಗಳನ್ನು ಬಿಟ್ಟು ಅಂಚುಗಳಿಂದ ನೋಡುತ್ತಾ ಬನ್ನಿ.

ಮೊದಲು ಕಾಲ. ಟ್ರ್ಯಾಕ್ಟರ್, ಜೀಪು ಇದ್ದರೆ ನಂಬರ್ ಪ್ಲೇಟ್ ನೋಡಿ. ಕೆಎ 28 ಎಂದಿದ್ದರೆ 1989ರಿಂದೀಚಿನದು. ಎಂವೈ ಎಂದು ಶುರುವಾದರೆ ಆ ಗಾಡಿ ಅದಕ್ಕಿಂತ ಹಳೆಯದು. ಬೋರ್ಡಿನಲ್ಲಿ ಮುಂಬಯಿ ಸರ್ಕಾರದ ಹೆಸರಿದ್ದರೆ 1956ಕ್ಕಿಂತ ಹಳೆಯದು, ಯಾಕೆಂದರೆ ಅಲ್ಲಿಯವರೆಗೆ ನಮ್ಮ ಜಿಲ್ಲೆ ಮುಂಬಯಿ ಆಡಳಿತದಲ್ಲಿತ್ತು. ಬದುವಿನ ಮೇಲೆ ಕಾಂಗ್ರೆಸ್ ಕಸ ಬೆಳೆದಿದೆಯೇ ನೋಡಿ. ಆ ಗಿಡವನ್ನು ಪುಣೆಯಲ್ಲಿ ಗುರುತಿಸಿದ್ದೇ 1950ರ ದಶಕದ ನಡುವೆ. ಅಂದಮೇಲೆ ಅದಿರುವ ಫೋಟೋ ಅದಕ್ಕಿಂತ ಹಿಂದಿನದಾಗಲಾರದು. ಮುಂಗಾರಿ ಜೋಳ ಆಳೆತ್ತರ ಮೀರದೆ ಒಂದೇ ಸಮ ಗಿಡ್ಡಗೆ ನಿಂತಿದ್ದರೆ ಹೈಬ್ರಿಡ್ ಇರಬಹುದು. ಮೊದಲ ಹೈಬ್ರಿಡ್ ಜೋಳ ಸಿಎಸ್‌ಎಚ್-1 ಬಂದದ್ದು 1964ರಲ್ಲಿ. ಹಿಂಗಾರಿಯಲ್ಲಿ ಮಾತ್ರ ಈ ಲೆಕ್ಕ ನಡೆಯದು. ಅಲ್ಲಿ ಮಾಲ್ದಂಡಿ ಜೋಳ ಎತ್ತರವಾಗೇ ಉಳಿಯಿತು, ನಮಗೆ ಕಾಳಿನಷ್ಟೇ ದನದ ಮೇವಿಗೆ ಕಣಿಕೆಯೂ ಬೇಕಲ್ಲ.

ಆಮೇಲೆ ಋತು. ಎತ್ತಿನ ಹಿಂದೆ ಕೂರಿಗೆ ಇದ್ದರೆ ಬಿತ್ತನೆ, ಎಡೆಕುಂಟೆ ಇದ್ದರೆ ಬೆಳೆ ನಿಂತ ಮೇಲಿನ ಕೆಲಸ. ಮೇಟಿಯ ಸುತ್ತ ಎತ್ತು ತಿರುಗುತ್ತಿದ್ದರೆ ಹಂತಿ, ಅಂದರೆ ಕಣದಲ್ಲಿ ತೆನೆ ತುಳಿಸುವ ಕೆಲಸ. ಆ ಫೋಟೋ ಸಿಕ್ಕಾಗ ಹಂತಿ ಪದ ಹಾಡುತ್ತಿದ್ದವರು ಯಾರು ಎಂದು ಕೇಳಲೇಬೇಕು. ಹಗೇವಿನ (ನೆಲದೊಳಗಿನ ಕಣಜದ) ಬಾಯಿ ತೆಗೆದು ಕಾಳು ಮೇಲೆತ್ತುವ ಚಿತ್ರವಂತೂ ಅಪರೂಪ.

ಇನ್ನು ಮಣ್ಣು. ಡೋಣಿ ಹರಿದರೆ ಓಣಿಯೆಲ್ಲಾ ಕಾಳು ಎಂದು ನಮ್ಮ ಡೋಣಿ ಹೊಳೆಯ ಬಗ್ಗೆ ಹಿರಿಯರು ಹೇಳುತ್ತಿದ್ದದ್ದು ಈ ಎರೆ ಮಣ್ಣನ್ನು ನಂಬಿ. ವರ್ಷಕ್ಕೆ 600 ಮಿಲಿಮೀಟರ್ ಆಚೀಚೆ ಮಳೆ, ಅದೂ ನಾಲ್ಕಾರು ದಿನ ಒಮ್ಮೆಲೇ ಸುರಿಯುವಂಥದ್ದು. ನೀರಿನ ಜೊತೆ ಮೇಲ್ಮಣ್ಣು ಹಳ್ಳಕ್ಕೆ ಇಳಿಯುತ್ತದೆ. ಅದಕ್ಕೇ ಒಡ್ಡು. ಮುಂಬಯಿ ಸರ್ಕಾರ 1942ರಲ್ಲಿ ಭೂ ಸುಧಾರಣಾ ಯೋಜನೆಗಳ ಕಾಯ್ದೆ ತಂದು ಇಳಿಜಾರಿಗೆ ಅಡ್ಡಲಾಗಿ ಸಮಪಾತಳಿ ಬದು ಹಾಕಿಸಿತು. ಬರ ಬಂದಾಗ ಕೂಲಿಯ ಕೆಲಸವೂ ಅದೇ ಆಯಿತು. ಆದರೆ ಆಳವಾದ ಎರೆ ಬೇಸಿಗೆಯಲ್ಲಿ ಬಾಯಿ ಬಿಡುತ್ತದೆ. ಮೊದಲ ದೊಡ್ಡ ಮಳೆ ಆ ಬಿರುಕಿನೊಳಗೆ ಹೊಕ್ಕು ಬದುವನ್ನೇ ಒಡೆಯುತ್ತದೆ. ಬದುವಿನ ಮೇಲ್ಗಡೆ ನೀರು ನಿಂತು ಬೆಳೆಯೂ ಕೊಳೆಯುತ್ತದೆ. ಹುನಗುಂದ ತಾಲ್ಲೂಕಿನ ರೈತರು ತಲೆಮಾರುಗಳಿಂದ ದೊಡ್ಡ ಒಡ್ಡು ಹಾಕಿ, ಹೆಚ್ಚಾದ ನೀರು ಹೊರಹೋಗಲು ಕಲ್ಲಿನ ಕೋಡಿ ಕಟ್ಟಿದ್ದು ಇದೇ ಪಾಡು ಕಂಡು. ಆದ್ದರಿಂದ ಫೋಟೋದಲ್ಲಿ ಒಡ್ಡು ಸಿಕ್ಕರೆ ಮೂರು ವಿಷಯ ಹುಡುಕಿ: ಕೋಡಿ ಎಲ್ಲಿದೆ, ಎಲ್ಲಿ ಒಡೆದಿದೆ, ಒಡ್ಡಿನ ಎತ್ತರ ಪಕ್ಕದ ಮನುಷ್ಯನ ಮೊಣಕಾಲಿಗೋ ಎದೆಗೋ. ಇವತ್ತು ಅದೇ ಹೊಲದಲ್ಲಿ ಹೊಸ ಬದು ಹಾಕುವವರಿಗೆ ಈ ಮೂರೂ ಬೇಕಾಗುತ್ತವೆ.

ಹಿರಿಯರ ಜೊತೆ ಕೂರುವುದು

ನೀವು ಓದಿದ್ದು ಊಹೆ. ಅದನ್ನು ಸರಿ ಮಾಡುವವರು ಎಂಬತ್ತು ದಾಟಿದ ಹಿರಿಯರು. ಚಿತ್ರವನ್ನು ದೊಡ್ಡದಾಗಿ ಪ್ರಿಂಟ್ ಮಾಡಿಸಿ ಒಯ್ಯಿರಿ, ಮೊಬೈಲ್ ಪರದೆ ಅವರ ಕಣ್ಣಿಗೆ ಆಗದು. ಒಬ್ಬರೇ ಬೇಡ, ಇಬ್ಬರು ಮೂವರನ್ನು ಒಟ್ಟಿಗೆ ಕೂರಿಸಿ. ಒಬ್ಬರು ತಪ್ಪಿದರೆ ಇನ್ನೊಬ್ಬರು ತಿದ್ದುತ್ತಾರೆ. ಹೆಂಗಸರನ್ನು ಬೇರೆಯಾಗಿ ಕೇಳಿ. ಬದುವಿನ ಬುಟ್ಟಿ ಹೊತ್ತವರು ಹೆಚ್ಚಾಗಿ ಅವರೇ. ಗಂಡಸರ ನಡುವೆ ಮಾತಾಡದವರು ಅಡುಗೆಮನೆಯಲ್ಲಿ ಎಲ್ಲ ಹೇಳುತ್ತಾರೆ.

"ಇದು ಯಾವ ವರ್ಷ?" ಎಂದರೆ ಉತ್ತರ ಸಿಗುವುದಿಲ್ಲ. "ಆಗ ನಿಮ್ಮ ಹಿರಿ ಮಗ ಹುಟ್ಟಿದ್ನೇನ್ರಿ?" ಎಂದರೆ ಸಿಗುತ್ತದೆ. ಹೊಲದ ಹೆಸರು ಕೇಳಿ, ಎತ್ತಿನ ಹೆಸರು ಕೇಳಿ, ಒಡ್ಡು ಹಾಕಿದ ಒಡ್ಡರು ಎಲ್ಲಿಂದ ಬಂದಿದ್ದರು ಕೇಳಿ. ಮಾತನ್ನು ಒಪ್ಪಿಗೆ ಪಡೆದು ರೆಕಾರ್ಡ್ ಮಾಡಿ. ಬರದ ದಿನಗಳಲ್ಲಿ ಕಣ್ಣೀರು ಬರುತ್ತದೆ, ಆಗ ಪ್ರಶ್ನೆ ನಿಲ್ಲಿಸಿ. ಬೇರೆಯವರಿಗೆ ತೋರಿಸಬೇಡಿ ಎಂದರೆ ತೋರಿಸಬೇಡಿ.

ಕೇಳಿದ್ದನ್ನು ಅವತ್ತೇ ಬರೆಯಿರಿ. ಫೋಟೋದ ಹಿಂದೆ ಬಾಲ್‌ಪೆನ್ ಬೇಡ, ಅಚ್ಚು ಮುಂದೆ ಮೂಡುತ್ತದೆ. ಮೆತ್ತನೆಯ ಪೆನ್ಸಿಲ್‌ನಿಂದ ಅಂಚಿನಲ್ಲಿ ಒಂದು ನಂಬರ್ ಮಾತ್ರ ಹಾಕಿ, ಉಳಿದದ್ದು ಪುಸ್ತಕದಲ್ಲಿರಲಿ. ಎಡದಿಂದ ಬಲಕ್ಕೆ ಹೆಸರುಗಳು, ಊರು, ಹೊಲ, ಕೆಲಸ, ಹೇಳಿದವರು ಯಾರು, ಯಾವತ್ತು ಹೇಳಿದರು. ಖಚಿತ ಇಲ್ಲದ ಕಡೆ ಪ್ರಶ್ನೆ ಚಿಹ್ನೆ ಹಾಕಿ. ಕಂಪ್ಯೂಟರ್ ಕಡತಕ್ಕೂ ಅದೇ ನಂಬರ್ ಕೊಡಿ.

ಅದೇ ಜಾಗದಲ್ಲಿ ನಿಲ್ಲುವುದು

ಹೊಲ ಗುರುತು ಸಿಕ್ಕರೆ ಪ್ರಿಂಟ್ ಹಿಡಿದು ಅಲ್ಲಿಗೆ ಹೋಗಿ. ಗುಡ್ಡದ ಗೆರೆ, ಗುಡಿಯ ಶಿಖರ, ಬನ್ನಿ ಮರ ಚಿತ್ರದಲ್ಲಿದ್ದಂತೆ ಹೊಂದುವ ತನಕ ಹಿಂದೆ ಮುಂದೆ ಸರಿಯಿರಿ. ಹೊಂದಿದಾಗ ಒಂದು ಫೋಟೋ ತೆಗೆಯಿರಿ. ಸರ್ವೆ ನಂಬರ್ ಗೊತ್ತಿಲ್ಲದಿದ್ದರೆ ಮೊಬೈಲ್‌ನಲ್ಲಿ ದಿಶಾಂಕ್ ಆ್ಯಪ್ ತೆರೆಯಿರಿ, ನಿಂತ ಜಾಗದ ನಂಬರ್ ತೋರಿಸುತ್ತದೆ. ಹಳೆಯದು, ಹೊಸದು ಎರಡನ್ನೂ ಪಕ್ಕಪಕ್ಕ ಇಟ್ಟಾಗ ಒಡ್ಡು ಉಳಿದಿದೆಯೋ, ಉತ್ತು ಸಮ ಮಾಡಿದ್ದಾರೋ, ಜೋಳದ ಜಾಗಕ್ಕೆ ಕಬ್ಬು ಬಂದಿದೆಯೋ, ಹಳ್ಳದ ದಂಡೆಯನ್ನು ಬಳ್ಳಾರಿ ಜಾಲಿ ನುಂಗಿದೆಯೋ ಕಣ್ಣಿಗೇ ಕಾಣುತ್ತದೆ.

ಮೂಲ ಫೋಟೋ ಆಯಾ ಮನೆಯಲ್ಲೇ ಇರಲಿ. ತಗಡಿನ ಮಾಡಿನ ಕೆಳಗೆ, ಅಡುಗೆಮನೆಯ ಹೊಗೆಗೆ ಬೇಡ. ಒಂದೊಂದನ್ನೂ ಬಿಳಿ ಕಾಗದದಲ್ಲಿ ಸುತ್ತಿ ತಂಪು ಕೋಣೆಯ ಸ್ಟೀಲ್ ಡಬ್ಬಿಯಲ್ಲಿಡಿ. ಡಿಜಿಟಲ್ ಪ್ರತಿ ಮೂರು ಕಡೆ ಇರಲಿ, ಒಂದು ಬೇರೆ ಊರಲ್ಲಿರಲಿ. ಮನೆಯವರು ಒಪ್ಪಿದರೆ ಒಂದು ಸೆಟ್ ಊರ ಶಾಲೆಗೆ ಕೊಡಿ. ಒಡ್ಡು, ಬೆಳೆಯ ಚಿತ್ರಗಳನ್ನು ಹಿಟ್ನಳ್ಳಿಯ ಕೃಷಿ ಸಂಶೋಧನಾ ಕೇಂದ್ರದವರಿಗೂ ತೋರಿಸಿ.

ಹಾಳಾದದ್ದು ಗುಂಪಿನ ಫೋಟೋ ಆದರೆ ಇನ್ನೊಂದು ದಾರಿ ಇದೆ: ಅದರಲ್ಲಿದ್ದ ಬೇರೆಯವರ ಮನೆಯಲ್ಲಿ ಹುಡುಕುವುದು. ಅಂಥವನ್ನು ಸಾಮಾನ್ಯವಾಗಿ ಒಂದಕ್ಕಿಂತ ಜಾಸ್ತಿ ಪ್ರತಿ ಹಾಕಿಸುತ್ತಿದ್ದರು. ನಮ್ಮ ಫೋಟೋದಲ್ಲಿದ್ದ ಇಪ್ಪತ್ತು ಜನರಲ್ಲಿ ಹದಿನೇಳು ಜನರ ಹೆಸರು ಸಿಕ್ಕಿವೆ. ಹದಿನಾಲ್ಕು ಮನೆಗೆ ಹೋಗಿ ಬಂದಿದ್ದೇನೆ. ಮುಂದಿನ ಮೂರು ಮನೆ ಇಂಡಿ ಕಡೆ ಇವೆ. ಮಳೆ ಹಿಡಿಯುವ ಮೊದಲು ಹೋಗಬೇಕು.