ಒಲೆ ಒಯ್ಯದೆ ಆರ್ಕ್ಟಿಕ್‌ನಲ್ಲಿ ಒಂಬತ್ತು ದಿನ

ಅಲಾಸ್ಕದ ರಾಷ್ಟ್ರೀಯ ಉದ್ಯಾನ ಗೇಟ್ಸ್ ಆಫ್ ದಿ ಆರ್ಕ್ಟಿಕ್‌ಗೆ ಒಲೆಯಿಲ್ಲದೆ ಹೋಗುತ್ತೇನೆ ಎಂದಾಗ ಸಿಯಾಟಲ್‌ನ ನಮ್ಮ ಚಾರಣ ಬಳಗದಲ್ಲಿ ಒಬ್ಬರೂ ಒಪ್ಪಲಿಲ್ಲ. ಬಿಸಿ ಊಟವಿಲ್ಲದಿದ್ದರೆ ಮೂರನೇ ದಿನಕ್ಕೇ ಕೈಕಾಲು ಸೋಲುತ್ತವೆ ಎಂದರು. ಕಳೆದ ಆಗಸ್ಟ್‌ನಲ್ಲಿ ಒಂಬತ್ತು ದಿನ ತಣ್ಣಗಿನ ಗೊಜ್ಜವಲಕ್ಕಿ ತಿಂದು, ಅನಾಕ್ತುವುಕ್ ಪಾಸ್ ಹಳ್ಳಿಯಿಂದ ಅರ್ನಿ ಪಾಸ್ ಎಂಬ ಬೆಟ್ಟದ ಕಣಿವೆದಾರಿ ದಾಟಿ, ನಡೆದೇ ಮರಳಿದೆ.

ಈ ಹಟ ಹುಟ್ಟಿದ್ದು ಸೋಲಿನಿಂದ. ಎರಡು ವರ್ಷದ ಹಿಂದೆ ಅಲಾಸ್ಕದ ಫೇರ್‌ಬ್ಯಾಂಕ್ಸ್ ಊರಿನಲ್ಲಿ ಒಲೆಗೆಂದು ಕೊಂಡ ಗ್ಯಾಸ್ ಡಬ್ಬಿಗಳನ್ನು ವಿಮಾನದಲ್ಲಿ ಒಯ್ಯುವಂತಿಲ್ಲವೆಂದು ಹತ್ತುವ ಮೊದಲೇ ಬಿಟ್ಟುಹೋಗಬೇಕಾಯಿತು. ಚೀಲದಲ್ಲಿದ್ದದ್ದೆಲ್ಲ ಬಿಸಿನೀರು ಬೇಡುವ ಪೊಟ್ಟಣಗಳು. ಸೌದೆ ಉರಿಸಿದರಾಯಿತು ಎಂದುಕೊಂಡೆ. ಅನಾಕ್ತುವುಕ್ ಪಾಸ್ ಹಳ್ಳಿಯ ಸುತ್ತ ಮರಗಳೇ ಇಲ್ಲ, ಹೊಳೆಯ ದಂಡೆಗುಂಟ ವಿಲ್ಲೋ ಪೊದೆ ಮಾತ್ರ. ಮೂರು ದಿನ ಜಡಿಮಳೆ ಹಿಡಿದು ಅದೂ ಹೊತ್ತಿಕೊಳ್ಳಲಿಲ್ಲ. ಹಸಿ ನೂಡಲ್ಸ್ ಅಗಿದು ನಾಲ್ಕನೇ ದಿನ ಹಿಂದಿರುಗಿದೆ. ಹೆಚ್ಚುಕಡಿಮೆ 2,300 ಡಾಲರ್ ನೀರುಪಾಲು. ಹೆಗಲ ಮೇಲಿನ ಭಾರ 26 ಕೆ.ಜಿ.

ಮನೆಗೆ ಬಂದು ಆರು ತಿಂಗಳು ಫ್ರಿಜ್ಜಿನ ತಣ್ಣೀರಿನಲ್ಲಿ ಅವಲಕ್ಕಿ ನೆನೆಸಿದೆ. ಗಟ್ಟಿ ಅವಲಕ್ಕಿ ಎರಡು ಗಂಟೆ ಕಳೆದರೂ ನಡುವೆ ಕಾಳಾಗಿಯೇ ಉಳಿದು ಹೊಟ್ಟೆ ಕೆಡಿಸಿತು. ಪೇಪರ್ ಅವಲಕ್ಕಿ ಅಂಬಲಿಯಾಯಿತು. ಕೊನೆಗೆ ಅಮ್ಮ ಮಾಡುತ್ತಿದ್ದ ಹಾಗೆ ಗಟ್ಟಿ ಅವಲಕ್ಕಿಯನ್ನು ರವೆಯಾಗಿ ಒಡೆದು, ಒಣಗಿಸಿದ ಹುಣಸೆಯ ಪುಡಿ, ಬೆಲ್ಲ, ಸಾರಿನ ಪುಡಿ, ಕೊಬ್ಬರಿ, ಹುರಿದ ಕಡಲೆಕಾಯಿ ಬೆರೆಸಿದೆ. ತುಪ್ಪ ಹಾಕಿದ್ದು ದೊಡ್ಡ ತಪ್ಪು. ತಣ್ಣೀರಿನಲ್ಲಿ ಅದು ಮೇಣದಂತೆ ಹೆಪ್ಪುಗಟ್ಟಿ ಅಂಗುಳಿಗೆ ಅಂಟುತ್ತದೆ. ಅದನ್ನು ಬಿಟ್ಟು ಕಡಲೆಕಾಯಿ, ಕೊಬ್ಬರಿ ಹೆಚ್ಚಿಸಿದೆ. ಹುಣಸೆಯನ್ನು ಅಂಟಾಗದಂತೆ ಒಣಗಿಸುವ ಬಗೆಯನ್ನು ಇಲ್ಲಿ ಹೇಳುವುದಿಲ್ಲ, ಅದಕ್ಕೆ ನನಗೆ ನಾಲ್ಕು ತಿಂಗಳು ಹಿಡಿದಿದೆ.

ಒಲೆಗಿಂತಲೂ ನನಗೆ ತಲೆನೋವಾಗಿದ್ದದ್ದು ಕರಡಿ ಡಬ್ಬಿ, ಅಂದರೆ ಕರಡಿಗೆ ತೆರೆಯಲಾಗದಂಥ ಊಟದ ಡಬ್ಬಿ. ಉದ್ಯಾನದ ಕಚೇರಿ ಅದನ್ನು ಎರವಲು ಕೊಡುತ್ತದೆ, ದುಡ್ಡಿಲ್ಲ. ಪೊಟ್ಟಣದ ಊಟ ಅದರಲ್ಲಿ ಐದು ದಿನಕ್ಕೆ ತುಂಬಿಹೋಗುತ್ತಿತ್ತು. ರವೆಯಂಥ ಪುಡಿಯ ನಡುವೆ ಅಷ್ಟು ಖಾಲಿ ಜಾಗ ಉಳಿಯುವುದಿಲ್ಲ. ದಿನಕ್ಕೆ ಸುಮಾರು 650 ಗ್ರಾಂ, ಬೆಳಗ್ಗೆಗೆ ರಾಗಿ ಹುರಿಹಿಟ್ಟೂ ಸೇರಿ ಹತ್ತು ದಿನದ್ದು ಹಿಡಿಸಿತು. ಖರ್ಚು 40 ಡಾಲರ್ ಒಳಗೆ. ಅಷ್ಟೇ ದಿನಕ್ಕೆ ಪೊಟ್ಟಣಗಳಾದರೆ 250 ದಾಟುತ್ತಿತ್ತು. ಬಾಡಿಗೆ ವಿಮಾನ ಬಿಟ್ಟು ಹಳ್ಳಿಗೆ ನಿಗದಿತ ವೇಳೆಗೆ ಓಡಾಡುವ ವಿಮಾನದಲ್ಲಿ ಹೋಗಿ ಬಂದಿದ್ದಕ್ಕೆ 400ರ ಆಸುಪಾಸು. ಹೆಗಲಿಗೆ 17 ಕೆ.ಜಿ.

ಅಲ್ಲಿನ ಹೊಳೆಯ ನೀರಿಗೆ ಕೈಯಿಟ್ಟರೆ ಬೆರಳು ಸೆಟೆಯುತ್ತದೆ. ಮೊದಲ ದಿನ ಒಂದೂವರೆ ಗಂಟೆ ನೆನೆಸಿದರೂ ಅವಲಕ್ಕಿ ಬಿರುಸಾಗಿತ್ತು. ಮರುದಿನದಿಂದ ಅಗಲ ಬಾಯಿಯ ಬಾಟಲಿಯಲ್ಲಿ ಕಲಸಿ ಜಾಕೆಟ್ಟಿನೊಳಗೆ ಹೊಟ್ಟೆಗೆ ಒತ್ತಿಕೊಂಡು ನಡೆದೆ. ಮುಕ್ಕಾಲು ಗಂಟೆಯಲ್ಲಿ ಮೃದು, ನೀರಿನ ಕೊರೆತವೂ ಇಲ್ಲ. ಇದನ್ನು ಕಂಡುಕೊಂಡಿದ್ದಕ್ಕೆ ನನಗೆ ನಿಜಕ್ಕೂ ಹೆಮ್ಮೆಯಿದೆ. ರಾತ್ರಿಯೂಟ ಮುಗಿಸಿ ಅರ್ಧ ಗಂಟೆ ನಡೆದ ಮೇಲೆಯೇ ಗುಡಾರ ಹಾಕುತ್ತಿದ್ದೆ. ಒಲೆಯಿಲ್ಲದವನಿಗೆ ಊಟದ ಜಾಗ ಬೇರೆ, ಮಲಗುವ ಜಾಗ ಬೇರೆ ಮಾಡುವುದು ಸಲೀಸು, ಕರಡಿಯ ಭಯವೂ ಕಡಿಮೆ.

ನಡಿಗೆ ಮಾತ್ರ ಹಳೆಯ ಪಾಡೇ. ಟಸಕ್ ಎಂಬ, ಕಾಲಿಟ್ಟರೆ ಅಲುಗಾಡುವ ಹುಲ್ಲಿನ ಗುಪ್ಪೆಗಳ ಮೇಲೆ ಗಂಟೆಗೆ ಒಂದು ಕಿಲೋಮೀಟರ್ ಸಾಗಿದರೆ ಪುಣ್ಯ. ಹೊಳೆಯ ಜಲ್ಲಿದಂಡೆ ಸಿಕ್ಕಾಗ ಮೂರು. ಏಳನೇ ದಿನ ಮಳೆ ಬಂತು. ನೆಲದಡಿ ಹೆಪ್ಪುಗಟ್ಟಿದ ಮಣ್ಣಿರುವುದರಿಂದ ನೀರು ಆಳಕ್ಕೆ ಇಂಗದೆ ಬೇಗ ಹೊಳೆಗೆ ಇಳಿಯುತ್ತದೆ. ಮೊಣಕಾಲಿನಷ್ಟಿದ್ದ ಹಳ್ಳ ಸೊಂಟಕ್ಕೇರಿತು. ಹಿಂದಿನ ಸಲವಾಗಿದ್ದರೆ ಊಟ ಮುಗಿಯುವ ಅಂಜಿಕೆಯಲ್ಲಿ ಇಳಿದುಬಿಡುತ್ತಿದ್ದೆ. ಈ ಸಲ ಇಡೀ ದಿನ ಗುಡಾರದಲ್ಲೇ ಕುಳಿತು, ಹುರಿಹಿಟ್ಟನ್ನು ಬೆಲ್ಲದ ನೀರಿನಲ್ಲಿ ಉಂಡೆ ಕಟ್ಟಿ ನೋಡಿದೆ. ತಣ್ಣಗಿದ್ದರೂ ಚೆನ್ನಾಗಿತ್ತು. ಮರುದಿನ ಬೆಳಗ್ಗೆ ನೀರು ತೊಡೆಗಿಳಿದಾಗ ದಾಟಿದೆ.

ಹಳ್ಳಿ ತಲುಪಿ ಡಬ್ಬಿ ಒಪ್ಪಿಸುವಾಗ ತಳದಲ್ಲಿ ಇನ್ನೂ ಒಂದು ದಿನದ ಅವಲಕ್ಕಿ ಇತ್ತು. ವಿಮಾನ ಬರಲು ಮೂರು ಗಂಟೆಯಿತ್ತು, ಅದನ್ನೂ ಕಲಸಿಕೊಂಡು ತಿಂದೆ.