ಲೈಂಗಿಕ ಸೋಂಕಿನ ಶಂಕೆ ಬಂದಾಗ ಏನು ಮಾಡಬೇಕು?

ಕಾರವಾರ, ಶಿರಸಿಯಂಥ ಊರುಗಳಲ್ಲಿ ಗುಪ್ತರೋಗದ ಶಂಕೆ ಬಂದವರನ್ನು ರೋಗಕ್ಕಿಂತ ಹೆಚ್ಚಾಗಿ ಕಾಡುವುದು ಪರಿಚಯದವರು ಯಾರಾದರೂ ನೋಡಿಬಿಟ್ಟಾರು ಎಂಬ ಅಂಜಿಕೆ. ಆದ್ದರಿಂದಲೇ ಎಷ್ಟೋ ಜನ ಔಷಧ ಅಂಗಡಿಯಲ್ಲಿ ತಗ್ಗಿದ ದನಿಯಲ್ಲಿ ‘ಉರಿಮೂತ್ರಕ್ಕೆ ಏನಾದರೂ ಕೊಡಿ’ ಎಂದು ಕೇಳಿ, ಕೊಟ್ಟ ನಾಲ್ಕು ಮಾತ್ರೆ ನುಂಗಿ ಸುಮ್ಮನಾಗುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಅರೆಬರೆ ಔಷಧದಿಂದ ಲಕ್ಷಣ ಅಡಗಿದರೂ ಸೋಂಕು ಒಳಗೇ ಉಳಿಯಬಹುದು. ಗೊನೋರಿಯಾ ಎಂಬ ಗುಪ್ತರೋಗದ ರೋಗಾಣುವಂತೂ ಹಲವು ಆಂಟಿಬಯೋಟಿಕ್‌ಗಳಿಗೆ ಈಗಾಗಲೇ ಜಗ್ಗದಂತಾಗಿದೆ.

ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2020ರಲ್ಲಿ ಸಿಫಿಲಿಸ್, ಗೊನೋರಿಯಾ, ಕ್ಲಮೈಡಿಯಾ ಮತ್ತು ಟ್ರೈಕೊಮೋನಿಯಾಸಿಸ್ ಎಂಬ ಗುಣವಾಗಬಲ್ಲ ನಾಲ್ಕು ಸೋಂಕುಗಳೇ ಜಗತ್ತಿನಲ್ಲಿ 37.4 ಕೋಟಿ ಬಾರಿ ಹೊಸದಾಗಿ ತಗಲಿದವು. ಇವು ಬಂದರಿನವರ, ಲಾರಿಯವರ ರೋಗ ಎಂದು ಬೊಟ್ಟು ಮಾಡುವುದು ತಪ್ಪು, ಏಕೆಂದರೆ ಅಪಾಯವಿರುವುದು ಕಸುಬಿನಲ್ಲಲ್ಲ, ಕಾಂಡೋಮ್ ಇಲ್ಲದ ಸಂಪರ್ಕದಲ್ಲಿ, ಹೊಸ ಅಥವಾ ಒಬ್ಬರಿಗಿಂತ ಹೆಚ್ಚು ಸಂಗಾತಿಗಳಿರುವಲ್ಲಿ, ಕುಡಿದ ಅಮಲಿನಲ್ಲಿ ಎಚ್ಚರ ತಪ್ಪಿದಲ್ಲಿ. ಗಂಡನನ್ನು ಬಿಟ್ಟು ಯಾರನ್ನೂ ಅರಿಯದ ಹೆಂಡತಿಗೂ ಅವನಿಂದಲೇ ಸೋಂಕು ತಗಲಬಹುದು.

ಮೂತ್ರ ಮಾಡುವಾಗ ಉರಿ, ಕೀವು, ವಾಸನೆಯ ಬಿಳಿಸೆರಗು, ಕಿಬ್ಬೊಟ್ಟೆ ನೋವು ಅಥವಾ ತೊಡೆಸಂದಿಯ ಗಡ್ಡೆ ಕಂಡರೆ ತಡಮಾಡಬೇಡಿ. ಸಿಫಿಲಿಸ್ ಮಾತ್ರ ಮೋಸಗಾರ ರೋಗ. ಜನನಾಂಗದ ಮೇಲೆ, ಕೆಲವೊಮ್ಮೆ ಬಾಯಿಯಲ್ಲಿ, ಅಂಚು ಗಟ್ಟಿಯಾದ ಸಣ್ಣ ಹುಣ್ಣೊಂದು ಏಳುತ್ತದೆ, ಸಾಮಾನ್ಯವಾಗಿ ನೋಯುವುದೂ ಇಲ್ಲ, ಮೂರರಿಂದ ಆರು ವಾರಗಳಲ್ಲಿ ತಾನೇ ಮಾಯುತ್ತದೆ. ಮಾಯಿತೆಂದು ನೆಮ್ಮದಿಪಟ್ಟವರ ರಕ್ತದಲ್ಲಿ ರೋಗ ಮುಂದುವರಿಯುತ್ತಿರುತ್ತದೆ. ಹೆಂಗಸರಲ್ಲಿ ಕ್ಲಮೈಡಿಯಾ ಹೆಚ್ಚಾಗಿ ಯಾವ ಲಕ್ಷಣವನ್ನೂ ತೋರದೆ ಗರ್ಭನಾಳಗಳಿಗೆ ಹಾನಿ ಮಾಡಬಹುದು. ಆದ್ದರಿಂದ ಅಪಾಯದ ಸಂಪರ್ಕವಾಗಿದ್ದರೆ ಲಕ್ಷಣವಿಲ್ಲದಿದ್ದರೂ ಪರೀಕ್ಷೆ ಮಾಡಿಸಿಕೊಳ್ಳಬೇಕು.

ಸರ್ಕಾರಿ ಜಿಲ್ಲಾಸ್ಪತ್ರೆಯಲ್ಲಿ ಚೀಟಿ ಮಾಡಿಸುವಾಗ ಕಿಟಕಿಯಲ್ಲಿ ಕಾಯಿಲೆ ವಿವರಿಸಬೇಕಾಗಿಲ್ಲ, ಚರ್ಮರೋಗ ವಿಭಾಗ ಅಥವಾ ಐಸಿಟಿಸಿ (ಎಚ್‌ಐವಿ ಸಮಾಲೋಚನೆ ಮತ್ತು ಪರೀಕ್ಷಾ ಕೇಂದ್ರ) ಎಂದರೆ ಸಾಕು. ಎಚ್‌ಐವಿ ಪರೀಕ್ಷೆ ಐಸಿಟಿಸಿಯಲ್ಲಿ ಉಚಿತ. 2017ರ ಎಚ್‌ಐವಿ-ಏಡ್ಸ್ ತಡೆ ಕಾಯ್ದೆಯ ಪ್ರಕಾರ ಪರೀಕ್ಷೆಗೆ ನಿಮ್ಮ ಒಪ್ಪಿಗೆ ಪಡೆಯಬೇಕು, ಗುಟ್ಟು ಕಾಯಬೇಕು. ಹೋಗಲು ಧೈರ್ಯ ಸಾಲದಿದ್ದರೆ ಮೊದಲು ರಾಷ್ಟ್ರೀಯ ಏಡ್ಸ್ ಸಹಾಯವಾಣಿ 1097ಕ್ಕೆ ಉಚಿತವಾಗಿ ಕರೆ ಮಾಡಿ ಕೇಳಬಹುದು. ವೈದ್ಯರಿಗೆ ಕೊನೆಯ ಸಂಪರ್ಕ ಯಾವಾಗ ಆಯಿತು, ಯಾವ ಮಾತ್ರೆ ನುಂಗಿದ್ದೀರಿ, ಪೆನಿಸಿಲಿನ್ ಅಲರ್ಜಿ ಇದೆಯೇ, ಬಸುರಾಗಿದ್ದೀರಾ ಎಂಬುದನ್ನು ಮುಚ್ಚಿಡದೆ ಹೇಳಿ. ಎಚ್‌ಐವಿ ಇಲ್ಲವೆಂದು ಬಂದರೂ ಸಂಪರ್ಕ ಇತ್ತೀಚಿನದಾದರೆ ಮೂರು ತಿಂಗಳಿಗೆ ಮತ್ತೊಮ್ಮೆ ಪರೀಕ್ಷಿಸಿಕೊಳ್ಳಿ.

ಸಂಗಾತಿಯನ್ನೂ ಕರೆದೊಯ್ಯಿರಿ, ಇಲ್ಲವಾದರೆ ಗುಣವಾದ ಸೋಂಕು ಮರಳಿ ಬರಬಹುದು. ಗಂಡ ಗೋವಾದಲ್ಲಿ ಕೆಲಸಕ್ಕಿದ್ದು ವಾರಕ್ಕೊಮ್ಮೆ ಊರಿಗೆ ಬರುವವನಾದರೆ, ಆ ವಾರವೇ ಅವನಿಗೂ ಚಿಕಿತ್ಸೆ ಕೊಡಿಸಿ, ಇಬ್ಬರ ಔಷಧವೂ ಮುಗಿದು ಕನಿಷ್ಠ ಏಳು ದಿನ ಕಳೆಯುವವರೆಗೆ ಸಂಪರ್ಕ ಬೇಡ.