ಮೈಗ್ರೇನ್‌ಗೆ ಮೆಗ್ನೀಸಿಯಮ್, ಬಿ2 ತಗೊಂಡು ನೋಡಿದ ನನ್ನ ಅನುಭವ

ನಂಗೆ ಮೈಗ್ರೇನ್ ಶುರುವಾಗೋದೇ ಕಣ್ಣಿಂದ. ಎಡಗಡೆ ಮೂಲೇಲಿ ಮಿಣಮಿಣ ಅನ್ನೋ ಅಂಕುಡೊಂಕು ಗೆರೆ ಬರುತ್ತೆ, ಓದ್ತಿರೋ ಪದದಲ್ಲಿ ಅರ್ಧ ಮಾಯ, 20 ನಿಮಿಷಕ್ಕೆ ಒಂದು ಪಕ್ಕ ಸುತ್ತಿಗೇಲಿ ಬಡಿದಂಗೆ, ಆಮೇಲೆ ವಾಂತಿ, ಕತ್ತಲೆ ರೂಮು. ತಿಂಗಳಿಗೆ ಎಂಟೊಂಬತ್ತು ದಿನ ಹಿಂಗೇ ಹಾಳಾಗ್ತಿತ್ತು, ಬಂದೀತು ಅನ್ನೋ ಭಯಕ್ಕೇ ಇನ್ನೊಂದಷ್ಟು ದಿನ ಪೇನ್‌ಕಿಲ್ಲರ್ ನುಂಗ್ತಿದ್ದೆ. ತಿಂಗಳಿಗೆ 15 ದಿನ ಮುಟ್ಟಿದ್ರೆ ಆ ಮಾತ್ರೆನೇ ತಲೆನೋವು ತರುತ್ತೆ ಅಂತ ಡಾಕ್ಟರ್ ಬೈದ್ಮೇಲೇನೇ ಸಪ್ಲಿಮೆಂಟ್ ಮಾತು ಬಂದಿದ್ದು.

ಮೊದಲು ಮೆಗ್ನೀಸಿಯಮ್. ಇಲ್ಲಿ ಒಳ್ಳೆ ಪಾಠ ಕಲಿತೆ. ಮೆಗ್ನೀಸಿಯಮ್ ಬೇರೆ ಬೇರೆ ಸಂಯುಕ್ತವಾಗಿ ಸಿಗುತ್ತೆ, ಕಡಿಮೆಗೆ ಸಿಕ್ತು ಅಂತ ಮೆಗ್ನೀಸಿಯಮ್ ಆಕ್ಸೈಡ್ ತಂದೆ, ಹೊಟ್ಟೆ ಕೆಟ್ಟು ಮೂರು ದಿನ ಬಾತ್‌ರೂಮೇ ಗತಿ. ಗ್ಲೈಸಿನೇಟ್‌ಗೆ ಬದಲಾಯಿಸಿದ್ಮೇಲೆ ಸರಿಹೋಯ್ತು, ಆದ್ರೆ ಡಬ್ಬಿ ಮುಂದೆ ದೊಡ್ಡದಾಗಿ ಬರೆದಿರೋ ನಂಬರ್ ನಂಬ್ಬೇಡಿ, ಅದು ಬಹಳ ಸಲ ಇಡೀ ಸಂಯುಕ್ತದ ತೂಕ, ಅದ್ರಲ್ಲಿ ಮೆಗ್ನೀಸಿಯಮ್ ಇರೋದು ಶೇ. 14 ಆಸುಪಾಸು ಅಷ್ಟೇ. ಹಿಂದೆ ಸಣ್ಣ ಅಕ್ಷರದಲ್ಲಿ ‘ಎಲಿಮೆಂಟಲ್’ ಅಂತಿರುತ್ತೆ, ಅಂದ್ರೆ ಬರೀ ಮೆಗ್ನೀಸಿಯಮ್ ತೂಕ, ಲೆಕ್ಕಕ್ಕೆ ಬರೋದು ಅದೇ. ನಂಗೆ ಹೇಳಿದ್ದು ದಿನಕ್ಕೆ 400 ಮಿ.ಗ್ರಾಂ, ಎರಡು ಸಲ ಮಾಡಿ ಊಟ ಆದ್ಮೇಲೆ. ಕಿಡ್ನಿ ತೊಂದರೆ ಇರೋರು ಡಾಕ್ಟರನ್ನ ಕೇಳದೆ ಇದನ್ನ ಮುಟ್ಲೇಬಾರ್ದು. ಥೈರಾಯ್ಡ್ ಮಾತ್ರೆ ತಗೊಳ್ಳೋರು ನಾಲ್ಕು ಗಂಟೆ ಗ್ಯಾಪ್ ಕೊಡ್ಬೇಕು.

ಒಂದೂವರೆ ತಿಂಗಳಾದ್ಮೇಲೆ ಬಿ2, ಅಂದ್ರೆ ರೈಬೋಫ್ಲಾವಿನ್, 400 ಮಿ.ಗ್ರಾಂ. ದಿನಕ್ಕೆ ಬೇಕಾಗಿರೋದು ಒಂದೂ ಚಿಲ್ಲರೆ ಮಿ.ಗ್ರಾಂ ಅಷ್ಟೇ, ಹಾಗಾಗಿ ಮಾಮೂಲಿ ಮಲ್ಟಿವಿಟಮಿನ್‌ನಲ್ಲಿ ಇಷ್ಟು ಸಿಗಲ್ಲ. ಮಾರನೇ ದಿನ ಬೆಳಗ್ಗೆ ಮೂತ್ರ ಹೈಲೈಟರ್ ಪೆನ್ ಬಣ್ಣ! ಗಾಬರಿಯಾಗಿ ಡಾಕ್ಟರ್‌ಗೆ ಫೋನ್ ಮಾಡಿದ್ರೆ ನಕ್ಕುಬಿಟ್ರು, ಜಾಸ್ತಿಯಾಗಿದ್ದು ಹಂಗೇ ಹೊರಗೆ ಹೋಗುತ್ತಂತೆ. ಬಿ6 ಮಾತ್ರ ಹಂಗಲ್ಲ, ದೊಡ್ಡ ಡೋಸ್ ತುಂಬಾ ದಿನ ತಗೊಂಡ್ರೆ ನರಕ್ಕೇ ಪೆಟ್ಟು, ಅದಕ್ಕೆ ಬಿ6 ಕೂಡ ಇರೋ ಬಿ-ಕಾಂಪ್ಲೆಕ್ಸ್ ನಾಲ್ಕೈದು ಸೇರಿಸಿ ನುಂಗೋ ಐಡಿಯಾ ಬೇಡ.

ಐದನೇ ವಾರಕ್ಕೇ ಬಿಟ್ಬಿಡೋಣ ಅನ್ಸಿತ್ತು, ಏನೂ ವ್ಯತ್ಯಾಸ ಕಾಣಲಿಲ್ಲ. ಬಿಡದಂಗೆ ಮಾಡಿದ್ದು ಡೈರಿ. ನೋವು ಬಂದ ದಿನಕ್ಕೆ ಕೆಂಪು ಚುಕ್ಕಿ, ಮಾತ್ರೆ ತಗೊಂಡ ದಿನಕ್ಕೆ ನೀಲಿ, ಅಷ್ಟೇ. ಮೊದಲ್ನೇ ತಿಂಗಳು 9 ಕೆಂಪು, ಎರಡನೇದು 8, ನಾಲ್ಕನೇದು 5. ಅದ್ರಲ್ಲಿ ನಿದ್ದೆ ಸರಿಹೋಗಿದ್ದಕ್ಕೆಷ್ಟು, ಪೇನ್‌ಕಿಲ್ಲರ್ ಕಮ್ಮಿ ಮಾಡಿದ್ದಕ್ಕೆಷ್ಟು ಅಂತ ಪಾಲು ಮಾಡೋಕಾಗಲ್ಲ, ಒಪ್ಕೊತೀನಿ. ಗೆರೆ ಕಣ್ಣಿಗೆ ಬಂದ್ಮೇಲೆ ಮೆಗ್ನೀಸಿಯಮ್ ನುಂಗಿದ್ರೆ ಅವತ್ತಿನ ನೋವಂತೂ ನಿಲ್ಲಲ್ಲ, ಎರಡು ಸಲ ನೋಡಿದೀನಿ, ಅದಕ್ಕೆ ಡಾಕ್ಟರ್ ಬರೆದುಕೊಟ್ಟಿರೋ ಮಾತ್ರೆ ಈಗ್ಲೂ ಬ್ಯಾಗಲ್ಲೇ ಇದೆ.